ಸೀಟಿ ಊದದ ಪಿ.ಟಿ. ಟೀಚರ್

ನಮ್ಮ ಹೈಸ್ಕೂಲಿನ ಪಿ.ಟಿ. ಟೀಚರ್ ನಿವೃತ್ತರಾದ ದಿನ ಶಾಲು ಇರಲಿಲ್ಲ, ಹಾರ ಇರಲಿಲ್ಲ, ಹಣ್ಣಿನ ಬುಟ್ಟಿಯೂ ಇರಲಿಲ್ಲ. ಅವರ ಸೇವೆ ಅನನ್ಯವಾದದ್ದು ಎಂದು ಯಾರೂ ಮೈಕಿನಲ್ಲಿ ಹೇಳಲಿಲ್ಲ, ಯಾಕೆಂದರೆ ಮೈಕೇ ಇರಲಿಲ್ಲ. ಸಮಾರಂಭ ಇಟ್ಟುಕೊಂಡರೆ ಅವತ್ತು ರಜೆ ಹಾಕುತ್ತೇನೆ ಎಂದು ಅವರು ಹೆಡ್‌ಮಾಸ್ತರರಿಗೆ ಮೊದಲೇ ಹೇಳಿಬಿಟ್ಟಿದ್ದರು. ಬದಲಿಗೆ ಮೈದಾನದ ಅಂಚಿನ ಗೇರುಮರದ ಕೆಳಗೆ ಎರಡು ಕುರ್ಚಿ ಹಾಕಿಸಿಕೊಂಡರು. ಒಂದರಲ್ಲಿ ತಾವು ಕೂತು, ಯಾರಿಗೆ ಮಾತಾಡಬೇಕೋ ಅವರು ಒಬ್ಬೊಬ್ಬರಾಗಿ ಬರಲಿ ಎಂದರು. ಬೆಳಿಗ್ಗೆಯಿಂದ ಶಾಲೆ ಬಿಡುವ ತನಕ ಜನ ಬಂದರು, ಹೋದರು. ಅಡುಗೆಯವಳು ಹೋಗಿ ಕೂತವಳು ಏಳಲೇ ಇಲ್ಲ, ಅವತ್ತು ಮಕ್ಕಳಿಗೆ ಸಾರು ತಡವಾಯಿತು. ಇಷ್ಟು ಒಳ್ಳೆಯ ಬೀಳ್ಕೊಡುಗೆಯನ್ನು ನಾನಂತೂ ಕಂಡಿಲ್ಲ. ಶಾಲು ಹೊದೆಸಿಕೊಂಡು ಬೆವರುತ್ತಾ ಕೂತವರನ್ನು ಬೇಕಾದಷ್ಟು ಕಂಡಿದ್ದೇನೆ.

ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಒಂದೇ ಕರಾರು ಹಾಕಿದರು, ಹೆಸರು ಬರಬಾರದು.

“ನಾಚಿಕೆಗಲ್ಲ ಗೋ. ಹೆಸರು ಹಾಕಿದ್ರೆ ಜನ ಫೋನ್ ಮಾಡ್ತಾರೆ. ಫೋನು ನಂಗೆ ಆಗೂದಿಲ್ಲ, ನಿಂಗೆ ಗೊತ್ತದೆ.”

ಅವರ ಮನೆಮಾತು ಕೊಂಕಣಿ. ಕನ್ನಡ ಆಡುವಾಗಲೂ, ಹೆಂಗಸರನ್ನು ಸಲಿಗೆಯಿಂದ ಕರೆಯುವ ಆ ‘ಗೋ’ ಹೇಗೋ ನುಸುಳಿ ಬರುತ್ತಿತ್ತು, ಅದೂ ತಮಗೆ ಬೇಕಾದವರ ಜೊತೆ ಮಾತ್ರ. ನನಗೆ ಅದು ಸಿಗಲು ಬಹಳ ಕಾಲ ಹಿಡಿಯಿತು.

ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಕಾರವಾರದಲ್ಲಿ, ಶಾಲೆ ಅಂಕೋಲೆಯಲ್ಲಿ. ಅವರ ಮನೆ ಕಾಳಿ ಸೇತುವೆಯಾಚೆ ಚಿತ್ತಾಕುಲದಲ್ಲಿ. ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕೂಡಿ ಬಿಣಗಾ ಘಾಟಿ ಹತ್ತಿ ಇಳಿದು, ಅಮದಳ್ಳಿ, ಅವರ್ಸೆ, ಹಟ್ಟಿಕೇರಿ ದಾಟಿ ಹೋಗುವುದು. ವರ್ಷಗಟ್ಟಲೆ ಒಂದೇ ಸೀಟಿನಲ್ಲಿ ಪಕ್ಕಪಕ್ಕ ಕೂತ ಜನ ನಾವು. ಕಿಟಕಿ ಕಡೆ ಅವರು, ಈ ಕಡೆ ನಾನು. ಅದು ಒಂದು ದಿನವೂ ಬದಲಾದದ್ದಿಲ್ಲ. ಒಮ್ಮೆ ಯಾರೋ ಕಿಟಕಿ ಸೀಟು ಹಿಡಿದಿದ್ದರೆಂದು ಆ ಬಸ್ಸನ್ನೇ ಬಿಟ್ಟು ಮುಂದಿನದಕ್ಕೆ ಬಂದಿದ್ದರು.

ಪಿ.ಟಿ. ಟೀಚರ್ ಅಂದರೆ ಕುತ್ತಿಗೆಗೆ ಸೀಟಿ. ಇವರ ಕುತ್ತಿಗೆಯಲ್ಲಿ ಅದಿರಲಿಲ್ಲ. ಕೈಯಲ್ಲಿ ಒಂದು ಹಸಿರು ಕರವಸ್ತ್ರ ಇರುತ್ತಿತ್ತು. ಅದು ಮೇಲೆ ಹೋದರೆ ಓಟ ಶುರು, ಕೆಳಗೆ ಬಂದರೆ ನಿಲ್ಲಬೇಕು, ಗರಗರ ತಿರುಗಿದರೆ ಎಲ್ಲರೂ ಓಡಿ ಬರಬೇಕು. ಬೇರೆ ಶಾಲೆಯ ಮಕ್ಕಳು ಕಿವಿ ನೆಟ್ಟಗೆ ಮಾಡಿ ಓಡಿದರೆ ನಮ್ಮವು ಟೀಚರ ಕೈಯನ್ನೇ ನೋಡುತ್ತಾ ಓಡುತ್ತಿದ್ದವು, ಆಗಾಗ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ತಾಲೂಕು ಕ್ರೀಡಾಕೂಟದಲ್ಲಿ ಇವರು ಕಿವಿಗೆ ಹತ್ತಿ ತುರುಕಿಕೊಂಡು ನಿಲ್ಲುವುದನ್ನು ಕಂಡು ಜನ ತಮಗೆ ತೋಚಿದ್ದು ಹೇಳಿದರು. ಕಿವಿ ಸೋರುತ್ತದಂತೆ, ಯಾವುದೋ ಹರಕೆಯಂತೆ, ಹೆಣ್ಣು ಹೆಂಗಸು ಸೀಟಿ ಊದಲು ನಾಚಿಕೆಯಂತೆ. ಅವರನ್ನೇ ಕೇಳಿದವರು ಕಡಿಮೆ. ನಾನು ಕೇಳಿದ್ದಕ್ಕೆ, “ಸೀಟಿ ಕಿವಿಲಿ ನಿಲ್ಲೂದಿಲ್ಲ, ಹಲ್ಲಿಗೆ ಬರ್ತದೆ,” ಎಂದಿದ್ದರು. ಆಗ ನನಗೆ ಅರ್ಥವಾಗಲಿಲ್ಲ.

ಅವರಿಗೆ ಮರೆವು ವಿಪರೀತ. ಪ್ರತಿ ಮಳೆಗಾಲದ ಮೊದಲಿಗೆ ಹೊಸ ಕೊಡೆ, ಮೊದಲ ವಾರವೇ ಅದು ಬಸ್ಸಿನ ಪಾಲು. ನಮ್ಮ ರೂಟಿನ ಕಂಡಕ್ಟರುಗಳು ಅವರನ್ನು ಕಂಡ ತಕ್ಷಣ “ಬಾಯಿಯವರೇ, ನಿಮ್ಮ ಕೊಡೆ” ಎಂದು ಯಾವುದೋ ಕೊಡೆ ಕೊಡುತ್ತಿದ್ದರು, ಅದು ಇವರದ್ದೇ ಎಂದೇನೂ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಹಳ ಮುಂಚೆ ಬಂದು ಕೂತಿರುತ್ತಿದ್ದರು, ಇಲ್ಲವಾದರೆ ಹೊರಟ ಬಸ್ಸಿನ ಹಿಂದೆ ಓಡಿ ಬರುತ್ತಿದ್ದರು. ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ನೋಡಿಲ್ಲ. ಡಬ್ಬಿಯಲ್ಲಿ ಸದಾ ಚಪಾತಿ ಮತ್ತು ಬಟಾಟೆ ಭಾಜಿ. ನಮ್ಮ ಸ್ಟಾಫ್‌ರೂಮಿನಲ್ಲಿ ಡಬ್ಬಿ ಹಂಚಿಕೊಂಡು ತಿನ್ನುವುದೇ ದೊಡ್ಡ ಸಂಭ್ರಮ, ಒಬ್ಬರ ಸೀಗಡಿಯ ಸುಂಗಟಾ ಸುಕ್ಕೆಗೆ ಇನ್ನೊಬ್ಬರ ಪತ್ರೊಡೆ. ಇವರು ತಮ್ಮ ಡಬ್ಬಿಯ ಮುಚ್ಚಳವನ್ನು ಗೋಡೆಯ ಹಾಗೆ ನಿಲ್ಲಿಸಿಕೊಂಡು ಉಣ್ಣುತ್ತಿದ್ದರು. ಜಂಬ ಎಂದರು ಕೆಲವರು. ಹೊಸ ಸೀರೆ ಉಟ್ಟು ಬಂದ ವಿಜ್ಞಾನದ ಟೀಚರ್ ಹೇಗಿದೆ ಎಂದು ಕೇಳಿದರೆ, “ಈ ಬಣ್ಣ ನೋಡ್ತಿದ್ರೆ ತಲೆ ನೋಯ್ತದೆ, ಆದ್ರೆ ಬಟ್ಟೆ ಮೆತ್ತಗದೆ,” ಎಂದುಬಿಟ್ಟರು. ಅವರಿಬ್ಬರ ನಡುವೆ ಆ ವರ್ಷವಿಡೀ ಮಾತು ಅಷ್ಟಕ್ಕಷ್ಟೇ.

ಇಂಥವರನ್ನು ಇಲಾಖೆಯವರು ಕಾರವಾರದಲ್ಲಿ ಒಂದು ತರಬೇತಿಗೆ ಕರೆಸಿದರು, ಜೊತೆಗೆ ನನ್ನನ್ನೂ. ವಿಶೇಷ ಅಗತ್ಯದ ಮಕ್ಕಳನ್ನು ತರಗತಿಯಲ್ಲಿ ಗುರುತಿಸುವುದು ಹೇಗೆ ಎಂಬ ವಿಷಯ. ಆಟಿಸಂ ಎಂದರೇನು, ಎಡಿಎಚ್‌ಡಿ ಎಂದರೇನು ಎಂದು ಹೊರಗಿನಿಂದ ಬಂದ ಒಬ್ಬ ಯುವಕ ಪರದೆಯ ಮೇಲೆ ತೋರಿಸುತ್ತಿದ್ದ. ಮಾಸ್ಕಿಂಗ್, ಸ್ಟಿಮ್ಮಿಂಗ್, ಮೆಲ್ಟ್‌ಡೌನ್, ಹೈಪರ್‌ಫೋಕಸ್ ಎಂದು ಶಬ್ದಗಳು ಬರುತ್ತಾ ಹೋದವು. ಊಟದ ನಂತರದ ಹೊತ್ತು, ಅರ್ಧ ಸಭೆ ತೂಕಡಿಸುತ್ತಿತ್ತು. ಇಂಥ ಮಕ್ಕಳು ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ ಎಂದು ಅವನು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಮಾಸ್ತರರು, “ನಮ್ಮ ಕಡೆ ಹೆಣ್ಮಕ್ಕಳು ಹಾಗೆ ನೋಡಿದ್ರೇ ಬೈತೇವೆ ಸರ್, ಮತ್ತೆ ಗುರುತಿಸೂದು ಹೇಗೆ?” ಎಂದರು. ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿದ್ದವರು ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಆಮೇಲೆ ಎದ್ದು ನಿಂತು ಕೇಳಿದರು: “ಈ ಮಕ್ಕಳು ದೊಡ್ಡವರಾದ ಮೇಲೆ ಏನಾಗ್ತಾರೆ?”

ಯುವಕ ಪರದೆಯಿಂದ ಇತ್ತ ತಿರುಗಿದ. “ದೊಡ್ಡವರಾಗ್ತಾರೆ ಮೇಡಂ. ಹಾಗೇ ಇರ್ತಾರೆ. ಕೆಲವರಿಗೆ ತಮಗಿದೆ ಅಂತ ಕೊನೆವರೆಗೂ ಗೊತ್ತಾಗೋದೇ ಇಲ್ಲ.”

“ಪಿ.ಟಿ. ಟೀಚರ್ ಆಗ್ತಾರಾ?”

ಮತ್ತೆ ನಗು. ತಮಾಷೆ ಎಂದು ಅವನೂ ನಕ್ಕ. ಅವರು ಕೂತರು. ಸಂಜೆ ಹೊರಗೆ ಬಂದು ಸಮುದ್ರದ ಕಡೆಯ ರಸ್ತೆಯಲ್ಲಿ ನಡೆಯುವಾಗ ನನ್ನ ತೋಳು ಹಿಡಿದು ನಿಲ್ಲಿಸಿದರು. ತಾವಾಗಿ ಯಾರನ್ನೂ ಮುಟ್ಟುವವರಲ್ಲ.

“ಆ ಪರದೆ ಮೇಲೆ ನಾನಿದ್ದೆ ಗೋ,” ಎಂದರು.

ಅವತ್ತಿನಿಂದ ನಮ್ಮ ಬಸ್ ಪ್ರಯಾಣದ ರೀತಿಯೇ ಬೇರೆಯಾಯಿತು. ದಿನಕ್ಕೊಂದು ಶಬ್ದ ತರುತ್ತಿದ್ದರು. ಮೊಬೈಲಿನಲ್ಲಿ ಓದಿದ್ದು, ಯಾವುದೋ ವಿಡಿಯೋದಲ್ಲಿ ಕೇಳಿದ್ದು. ಅದನ್ನು ನನ್ನ ಮುಂದೆ ಇಟ್ಟು, ಕನ್ನಡದಲ್ಲಿ ಏನು ಹೇಳುತ್ತೀ ಎಂದು ಕೇಳುವುದು. ನಾನು ಎಂ.ಎ. ಮಾಡಿದವಳು, ಸಂಸ್ಕೃತದ ಗಂಟು ಬಿಚ್ಚಲು ನನಗೇನು ತ್ರಾಸ? ಸ್ಟಿಮ್ಮಿಂಗ್ ಅಂದರೆ ‘ಸ್ವ-ಉದ್ದೀಪನ’ ಎಂದೆ.

“ಗ್ಯಾಸ್ ಒಲೆ ಹಚ್ಚಿದ ಹಾಗೆ ಕೇಳ್ತದೆ,” ಎಂದರು. ಅಷ್ಟರಲ್ಲಿ ಅವರ ಬೆರಳುಗಳು ಬಸ್ ಟಿಕೆಟನ್ನು ಸುರುಳಿ ಮಾಡಿ, ಬಿಚ್ಚಿ, ಮತ್ತೆ ಸುರುಳಿ ಮಾಡುತ್ತಿದ್ದವು. ನಾನು ಅದನ್ನೇ ನೋಡುತ್ತಿದ್ದೇನೆಂದು ಗೊತ್ತಾಗಿ ಕೈ ಮುಂದೆ ಚಾಚಿದರು. “ಇದೇ ನೋಡು ಅದು. ಇದು ಕೈ ಮಾಡೂ ಕೆಲಸ ಅಲ್ಲ. ತಲೆ ಒಳಗೆ ಗಲಾಟೆ ಆದಾಗ ಅದನ್ನ ಕೈಗೆ ಇಳ್ಸೂದು. ಇಷ್ಟು ವರ್ಷ ಟಿಕೆಟ್ ಹರ್ದು ಹರ್ದು ಚೆಕಿಂಗ್‌ನವರ ಹತ್ರ ಬೈಸ್ಕಂಡಿದ್ದು ಇದಕ್ಕೇ.”

ಮಾಸ್ಕಿಂಗ್ ಎಂದರೆ ಸಲೀಸು, ‘ಮುಖವಾಡ’ ಎಂದೆ. ಅವರಿಗೆ ಸಿಟ್ಟೇ ಬಂತು.

“ಮುಖವಾಡ ಅಂದ್ರೆ ಮೋಸ ಅಂತ ಆಗ್ತದೆ. ನಾನು ಯಾರಿಗೂ ಮೋಸ ಮಾಡ್ಲಿಲ್ಲ. ಮರ್ಯಾದೆ ಮಾಡಿದ್ದು.”

ಮತ್ತೆ ವಿವರಿಸಿದರು. ಸಣ್ಣವರಿದ್ದಾಗ ದಾರಿಯಲ್ಲಿ ಯಾರಾದರೂ ಊಟ ಆಯಿತಾ ಎಂದರೆ ಏನು ಉಂಡೆ, ಎಷ್ಟು ಉಂಡೆ, ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎಂದೆಲ್ಲ ಹೇಳುತ್ತಿದ್ದರಂತೆ. ಯಾರದೋ ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಎನ್ನುತ್ತಿದ್ದರಂತೆ. ನಮ್ಮಲ್ಲಿ ಅದು ಅಪಶಕುನ, ‘ಬರ್ತೇನೆ’ ಎನ್ನಬೇಕು. ಹೋಗುವವಳು ಬರುತ್ತೇನೆ ಎಂದು ಯಾಕೆ ಹೇಳಬೇಕು ಎಂದು ವಾದ ಮಾಡಿ ಅವ್ವನಿಂದ ಪೆಟ್ಟು ತಿಂದರು. ಆಮೇಲೆ ಎಲ್ಲವನ್ನೂ ಬಾಯಿಪಾಠ ಮಾಡಿದರು. ಎಲ್ಲಿ ನಗಬೇಕು, ಎಷ್ಟು ಹೊತ್ತು ನಗಬೇಕು, ಸಾವಿನ ಮನೆಯಲ್ಲಿ ಏನು ಹೇಳಬೇಕು, ಬಾಣಂತಿಯನ್ನು ಏನು ಕೇಳಬೇಕು. ಬೇರೆಯವರಿಗೆ ಉಸಿರಾಟದ ಹಾಗೆ ಬರುವುದು ಇವರಿಗೆ ಪ್ರತಿಸಲವೂ ಪರೀಕ್ಷೆ. ಸಂಜೆ ಮನೆಗೆ ಹೋದರೆ ಸೀರೆಯನ್ನೂ ಬದಲಿಸದೆ ಗೋಡೆ ನೋಡುತ್ತಾ ಕೂತುಬಿಡುವುದಂತೆ. “ದಿನಾ ಪಾಸಾಗ್ತೇನೆ. ದಿನಾ ಪಾಸಾಗಿ ಸುಸ್ತಾಗ್ತದೆ,” ಎಂದರು. ಆ ಮಾತು ಕೇಳಿ ನನಗೆ ಸಂಕಟವಾಯಿತು. ಕೊನೆಗೆ ನಾವು ಅದಕ್ಕೆ ‘ಬಾಯಿಪಾಠದ ನಗು’ ಎಂದು ಹೆಸರಿಟ್ಟುಕೊಂಡೆವು. ಪಂಡಿತರು ಒಪ್ಪಲಿಕ್ಕಿಲ್ಲ.

ಕೆಲಸ ಶುರು ಮಾಡಲಾಗದ ಸ್ಥಿತಿಗೆ ಇಂಗ್ಲಿಷಿನಲ್ಲಿ ಎಕ್ಸಿಕ್ಯೂಟಿವ್ ಡಿಸ್‌ಫಂಕ್ಷನ್ ಎಂಬ ಮಾರುದ್ದದ ಹೆಸರು. ಅದನ್ನು ಸೋಮಾರಿತನ ಎನ್ನಬಹುದಲ್ಲ ಎಂದು ನಾನು ಕೆಣಕಿದೆ. “ಬಕೆಟಲ್ಲಿ ನೆನೆಸಿದ ಬಟ್ಟೆ ನನ್ನ ನೋಡ್ತದೆ, ನಾನು ಅದನ್ನ ನೋಡ್ತೇನೆ. ಎದ್ದು ಹೋಗ್ಬೇಕು ಅಂತ ಗೊತ್ತದೆ, ಆಗೂದಿಲ್ಲ. ಸೋಮಾರಿಗೆ ಮಲಗಿದ್ರೆ ಸುಖ ಇರ್ತದೆ ಮಾರಾಯ್ತಿ. ನಂಗೆ ಆ ಸುಖಾನೂ ಇಲ್ಲ.” ಇದೇ ಮನುಷ್ಯೆ ಒಂದು ಭಾನುವಾರ ಕಬಡ್ಡಿ ಅಂಕಣದ ಗೆರೆ ಎಳೆಯಲು ಶಾಲೆಗೆ ಬಂದು, ಮೈದಾನದ ಎಲ್ಲ ಗೆರೆಗಳನ್ನೂ ಎಳೆದು, ಊಟ ನೀರು ಮರೆತು, ಕತ್ತಲಾಗಿ ಸುಣ್ಣ ಕಾಣದಾದಾಗ ಎಚ್ಚೆತ್ತಿದ್ದರು. ಅದಕ್ಕೆ ಹೈಪರ್‌ಫೋಕಸ್ ಎನ್ನುತ್ತಾರೆ ಎಂದು ಓದಿ ತಿಳಿದ ದಿನ ಹಳೆಯ ಗೆಳತಿ ಸಿಕ್ಕವರ ಹಾಗೆ ಖುಷಿಯಾಗಿದ್ದರು. ಎರಡೂ ಒಬ್ಬಳಲ್ಲೇ ಇರಬಹುದು ಎಂಬುದು ಅವರಿಗೆ ದೊಡ್ಡ ಸಮಾಧಾನ.

ಶಬ್ದ ಕಲಿತ ಹೊಸದರಲ್ಲಿ ನಾವು ಅದನ್ನು ಸಿಕ್ಕಸಿಕ್ಕವರಿಗೆ ಅಂಟಿಸಿದೆವು. ಕಂಡಕ್ಟರಿಗೆ ಅದು, ಹೆಡ್‌ಮಾಸ್ತರರಿಗೆ ಇದು. ಒಂದು ದಿನ ನಾನು ಉದಾರವಾಗಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಇರುತ್ತದೆ ಬಿಡಿ ಎಂದೆ. ಅವರು ಕಿಟಕಿಯಿಂದ ಮುಖ ತಿರುಗಿಸಿದರು.

“ಮಳೆಲಿ ಎಲ್ಲರೂ ಸ್ವಲ್ಪ ಒದ್ದೆ ಆಗ್ತಾರೆ. ಹೊಳೆಲಿ ಮುಳುಗ್ತಾ ಇದ್ದವನ ಹತ್ರ ಹೋಗಿ, ನಾನೂ ಒದ್ದೆ ಆಗಿದ್ದೇನೆ ಅಂತ ಹೇಳ್ತೀಯಾ?”

ಅಂಟಿಸುವ ಆಟ ಅವತ್ತಿಗೆ ನಿಂತಿತು. ಸ್ವಲ್ಪ ದಿನಕ್ಕೆ ಅವರು ಗೋವೆಗೆ ಹೋಗಿ ಡಾಕ್ಟರರನ್ನು ಕಂಡು ಬಂದರು. ಎರಡು ಮೂರು ಸಲ ಕರೆಸಿ, ಬೇಕಾದಷ್ಟು ಕೇಳಿ, ನಿಮಗೆ ಆಟಿಸಂ, ಎಡಿಎಚ್‌ಡಿ ಎರಡೂ ಇದೆ ಎಂದರಂತೆ. ಈ ವಿಷಯ ಯಾರಿಗೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಇಲ್ಲಿಯ ತನಕ ಜಂಬದವಳು ಎನ್ನುತ್ತಿದ್ದಾರೆ, ಇನ್ನು ಮೇಲೆ ತಲೆ ಸರಿಯಿಲ್ಲದವಳು ಎನ್ನುತ್ತಾರೆ, ಮನೆಯವರು ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸುವುದಿಲ್ಲ ಎಂದರು. ಅದು ಸುಮ್ಮನೆ ಹೆದರಿಕೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ನಮ್ಮ ಊರುಗಳು ನನಗೂ ಗೊತ್ತು.

ಹೀಗಿರುವಾಗ ಒಂಬತ್ತನೆಯ ತರಗತಿಯ ಆ ಹುಡುಗಿಯ ವಿಷಯ ಬಂತು.

ಬೆಳಂಬಾರದ ಮೀನುಗಾರರ ಮನೆಯ ಹುಡುಗಿ. ಅಪ್ಪ ದೋಣಿಗೆ ಹೋಗುತ್ತಿದ್ದ, ತಾಯಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಎಂಟನೆಯ ತರಗತಿಯಲ್ಲಿ ಹೇಗೋ ನಡೆದಿತ್ತು. ಒಂಬತ್ತಕ್ಕೆ ಬಂದ ಮೇಲೆ ಪ್ರಾರ್ಥನೆಯ ಸಾಲಿನಿಂದ ಓಡಿಹೋಗುವುದು, ಬೆಂಚಿನ ಕೆಳಗೆ ಕೂರುವುದು, ಒಮ್ಮೊಮ್ಮೆ ತಲೆಯನ್ನು ಡೆಸ್ಕಿಗೆ ಕುಟ್ಟಿಕೊಳ್ಳುವುದು ಶುರುವಾಯಿತು. ಹಟ ಎಂದರು ಉಳಿದ ಟೀಚರುಗಳು. ಅಲ್ಲ ಎಂದರು ಇವರು. “ಹಟ ಮಾಡೂವರು ನಡುನಡುವೆ ಯಾರು ನೋಡ್ತಾರೆ ಅಂತ ನೋಡ್ತಾರೆ. ಬೇಕಾದ್ದು ಕೊಟ್ರೆ ನಿಲ್ಸ್ತಾರೆ. ಇವಳು ಯಾರನ್ನೂ ನೋಡೂದಿಲ್ಲ, ಏನು ಕೊಟ್ರೂ ನಿಲ್ಲೂದಿಲ್ಲ. ಇದು ಮೆಲ್ಟ್‌ಡೌನ್. ಅವಳು ಮಾಡೂದಲ್ಲ, ಅವಳಿಗೆ ಆಗೂದು.”

ಹೆಡ್‌ಮಾಸ್ತರರು ಕೆಟ್ಟವರಲ್ಲ, ಆದರೆ ಹೆದರಿದ್ದರು. ಹುಡುಗಿಗೆ ಪೆಟ್ಟಾದರೆ ಯಾರು ಹೊಣೆ? ಮನೆಯಲ್ಲೇ ಇರಲಿ, ಪರೀಕ್ಷೆಗೆ ಮಾತ್ರ ಬರಲಿ ಎನ್ನುವ ಯೋಚನೆ ಅವರದ್ದು. ಮನೆಯಲ್ಲಿ ಒಮ್ಮೆ ಕೂತ ಹುಡುಗಿ ಮತ್ತೆ ಶಾಲೆಗೆ ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಪಿ.ಟಿ. ಟೀಚರ್ ಸ್ವಲ್ಪ ದಿನದ ಅವಕಾಶ ಕೇಳಿಕೊಂಡರು. “ಏನು ಬೇಕು ಅಂತ ನಂಗೆ ಗೊತ್ತದೆ ಸರ್,” ಎಂದರು. ಅಷ್ಟು ಖಾತ್ರಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಟದ ಸಾಮಾನಿನ ಕೋಣೆ ಖಾಲಿ ಮಾಡಿದರು. ಚಾಪೆ ಹಾಸಿದರು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದರು, ಗುಂಯ್‌ಗುಡುವ ಟ್ಯೂಬ್‌ಲೈಟ್ ತೆಗೆಸಿದರು. ಹುಡುಗಿಗೆ ಪ್ರಾರ್ಥನೆಯಿಂದ ವಿನಾಯಿತಿ. ತಲೆ ತುಂಬಿತು ಅನಿಸಿದಾಗ ಆ ಕೋಣೆಗೆ ಹೋಗಿ ಒಬ್ಬಳೇ ಕೂರಬಹುದು, ಯಾರೂ ಮಾತಾಡಿಸಬಾರದು, ಮುಟ್ಟಬಾರದು. ನನಗೆ ತೋರಿಸಲು ಕರೆದುಕೊಂಡು ಹೋದಾಗ ಅವರ ಕಣ್ಣು ತುಂಬಿತ್ತು. ತಮಗೆ ಆ ವಯಸ್ಸಿನಲ್ಲಿ ಇಂಥದ್ದೊಂದು ಕೋಣೆ ಸಿಕ್ಕಿದ್ದರೆ ಎಂದು ಅರ್ಧ ಹೇಳಿ ನಿಲ್ಲಿಸಿದರು.

ಹುಡುಗಿ ಇನ್ನೂ ಹದಗೆಟ್ಟಳು. ಕೋಣೆಯೊಳಗೆ ಗೋಡೆಯಿಂದ ಗೋಡೆಗೆ ನಡೆದಳು, ಮಣಿಕಟ್ಟು ಕಚ್ಚಿಕೊಂಡಳು. ಒಂದು ಮಧ್ಯಾಹ್ನ ಅಲ್ಲಿದ್ದ ಕಬ್ಬಿಣದ ಕಪಾಟನ್ನು ಎರಡೂ ಕೈಯಿಂದ ಬಡಿಯತೊಡಗಿದಳು. ಆ ಸದ್ದಿಗೆ ಇಡೀ ಶಾಲೆ ಹೊರಗೆ ಬಂತು. ಸೋಮವಾರ ತಾಯಿಯನ್ನು ಕರೆಸಿ ಎಂದರು ಹೆಡ್‌ಮಾಸ್ತರರು. ಇನ್ನು ಮಾತಿಲ್ಲ ಎಂಬುದು ಅವರ ದನಿಯಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬೆಳಂಬಾರಕ್ಕೆ ಹೋದೆವು. ಮನೆಯಲ್ಲಿ ಅಜ್ಜಿ ಮಾತ್ರ ಇದ್ದಳು, ಎಲ್ಲರೂ ದಂಡೆಗೆ ಹೋಗಿದ್ದಾರೆ ಎಂದಳು. ಮಳೆಗಾಲ ಮುಗಿದು ರಂಪಣಿ ಬಲೆ ಬಿಡುವ ದಿನಗಳು. ರಂಪಣಿ ಅಂದರೆ ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಕಮಾನಿನ ಹಾಗೆ ಬಿಟ್ಟ ಉದ್ದನೆಯ ಬಲೆ. ಅದರ ಎರಡೂ ತುದಿಯ ಹಗ್ಗ ಹಿಡಿದು ಜನ ದಂಡೆಯಿಂದ ಎಳೆಯುತ್ತಾರೆ. ಹೆಂಗಸರು, ಗಂಡಸರು, ಮುದುಕರು ಎಂದಿಲ್ಲ, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲುಂಟು. ನಾವು ಹೋದಾಗ ಎಳೆತ ಜೋರಾಗಿತ್ತು. ಒಬ್ಬ ಕೂಗುತ್ತಿದ್ದ, ಎಲ್ಲರೂ ಒಟ್ಟಿಗೆ ದನಿಗೂಡಿಸಿ ಹಿಂದಕ್ಕೆ ಬಾಗುತ್ತಿದ್ದರು. ತಲೆಯ ಮೇಲೆ ಹದ್ದು, ಕಾಗೆ, ಪಕ್ಕದಲ್ಲಿ ಬುಟ್ಟಿ ಹಿಡಿದು ಕಾದವರ ಗದ್ದಲ. ನಮ್ಮ ಟೀಚರ್ ಎರಡೂ ಕಿವಿ ಮುಚ್ಚಿಕೊಂಡರು.

ಸಾಲಿನ ನಡುವೆ ಆ ಹುಡುಗಿ ಇದ್ದಳು. ಹಿಮ್ಮಡಿ ಮರಳಿನಲ್ಲಿ ಊರಿ, ಮೈಯ ಭಾರವನ್ನೆಲ್ಲ ಹಗ್ಗಕ್ಕೆ ಕೊಟ್ಟು, ಎಲ್ಲರಿಗಿಂತ ಜೋರಾಗಿ ಕೂಗುತ್ತಾ ಎಳೆಯುತ್ತಿದ್ದಳು. ಶಾಲೆಯಲ್ಲಿ ಸದಾ ಬಿಗಿದುಕೊಂಡಿರುತ್ತಿದ್ದ ಮುಖ ಸಡಿಲವಾಗಿತ್ತು. ನಾನು ನೋಡಿದ ಹುಡುಗಿ ಇವಳೇನಾ ಎನಿಸಿತು.

ಬಲೆ ದಂಡೆಗೆ ಬಂದ ಮೇಲೆ ಟೀಚರ್ ಅವಳ ಹತ್ತಿರ ಹೋದರು. ಅವಳನ್ನು ನೋಡದೆ, ಪಕ್ಕದಲ್ಲಿ ನಿಂತು ಸಮುದ್ರ ನೋಡುತ್ತಾ ಕೇಳಿದರು.

“ಇಷ್ಟು ಗಲಾಟೆ ನಿಂಗೆ ಆಗ್ತದಾ?”

ಅವಳೂ ಸಮುದ್ರ ನೋಡುತ್ತಲೇ ಹೇಳಿದಳು. “ಇದು ಗಲಾಟೆ ಅಲ್ಲ ಟೀಚರ್. ಇಲ್ಲಿ ಎಲ್ಲರೂ ಒಂದೇ ಹೇಳ್ತರು. ಶಾಲೆಲಿ ಒಬ್ಬೊಬ್ರು ಒಂದೊಂದು ಹೇಳ್ತರು. ಯಾವಾಗ ಏನು ಆಗ್ತದೆ ಗೊತ್ತಾಗೂದಿಲ್ಲ.”

“ಮತ್ತೆ ಆ ಕೋಣೆಲಿ? ಅಲ್ಲಿ ಯಾರೂ ಏನೂ ಹೇಳೂದಿಲ್ಲ ಅಲಾ?”

ಹುಡುಗಿ ಹಿಮ್ಮಡಿಯನ್ನು ಮರಳಿಗೆ ಊರಿದಳು, ಎತ್ತಿದಳು, ಮತ್ತೆ ಊರಿದಳು. ಟೀಚರ್ ಕಾದರು. ಅವರು ಹಾಗೆ ಕಾಯಬಲ್ಲರು, ನಾನಾಗಿದ್ದರೆ ಅಷ್ಟರಲ್ಲಿ ಇನ್ನೆರಡು ಪ್ರಶ್ನೆ ಕೇಳಿಬಿಟ್ಟಿರುತ್ತಿದ್ದೆ.

“ಅಲ್ಲಿ ಏನೂ ಇಲ್ಲ ಟೀಚರ್. ಏನೂ ಇಲ್ದೇ ಇದ್ರೆ ನಂಗೆ ಕೈಕಾಲು ಇದ್ದ ಹಾಗೇ ಆಗೂದಿಲ್ಲ. ಬಡಿದ್ರೆ ಗೊತ್ತಾಗ್ತದೆ, ಅದೆ ಅಂತ.”

ಟೀಚರ್ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟರು. ನಾನು ಹತ್ತಿರ ಹೋದೆ.

“ನನ್ನ ಅಳತೆ ಅಂಗಿ ಅವಳಿಗೆ ತೊಡಿಸಿಬಿಟ್ಟೆ ಗೋ,” ಎಂದರು. “ಗದ್ದಲದಿಂದ ನಂಗೆ ತಪ್ಪಿಸ್ಕಳ್ಳಬೇಕಿತ್ತು. ಅವಳಿಗೆ ಎಳಿಯೂದಕ್ಕೆ ಏನಾದ್ರೂ ಬೇಕಿತ್ತು. ಇಬ್ಬರಿಗೂ ಹೆಸರು ಒಂದೇ ಅಲಾ ಅಂದ್ಕಂಡು, ಏನು ಬೇಕು ಅಂತ ಅವಳನ್ನ ಕೇಳ್ಲೇ ಇಲ್ಲ.”

ಕೆಲವು ಮೈಗಳಿಗೆ ಒತ್ತಡ, ಭಾರ, ಎಳೆತ ಬೇಕು, ಆಗಲೇ ತಾನು ಎಲ್ಲಿದ್ದೇನೆ ಎಂದು ಮೈಗೆ ತಿಳಿಯುವುದು ಎಂದು ಆಮೇಲೆ ಅವರೇ ಓದಿ ನನಗೆ ಹೇಳಿದರು. ಅದಕ್ಕೂ ಒಂದು ಇಂಗ್ಲಿಷ್ ಶಬ್ದ ಇತ್ತು. ಅವತ್ತು ಮಾತ್ರ ಅದಕ್ಕೆ ಕನ್ನಡದಲ್ಲಿ ಏನನ್ನುತ್ತೀ ಎಂದು ಕೇಳಲಿಲ್ಲ. ಕಡಲ ಮಕ್ಕಳ ಮನೆಯಲ್ಲಿ ಹುಟ್ಟಿದವಳಿಗೆ ನಿಶ್ಶಬ್ದವನ್ನು ಔಷಧವಾಗಿ ಕೊಟ್ಟಿದ್ದೆವು ಎಂಬುದೇ ನಮ್ಮಿಬ್ಬರ ತಲೆಯಲ್ಲಿತ್ತು.

ಸೋಮವಾರ ತಾಯಿ ಪೇಟೆಯಿಂದ ನೇರ ಬಂದಳು. ಬುಟ್ಟಿಯನ್ನು ಗೇಟಿನ ಹತ್ತಿರ ಇಟ್ಟು, ಕೈ ತೊಳೆದುಕೊಂಡು, ಹೆಡ್‌ಮಾಸ್ತರರ ಕೋಣೆಯ ಬಾಗಿಲಲ್ಲೇ ನಿಂತಳು. ಕೂರಿ ಎಂದರೆ ಕೂರಲಿಲ್ಲ, ಮೈಯೆಲ್ಲ ಮೀನಿನ ನೀರು ಎಂದಳು. ಹೆಡ್‌ಮಾಸ್ತರರು ಮೆಲ್ಲಗೆ ವಿಷಯ ತಿಳಿಸಿದರು. ಮನೆಯಲ್ಲಿ ಇಟ್ಟುಕೊಂಡರೆ ಹುಡುಗಿಗೂ ಒಳ್ಳೆಯದು ಎಂದರು. ಅವಳು ಎಲ್ಲ ಕೇಳಿಸಿಕೊಂಡಳು.

“ದೇವ್ರ ಹತ್ರ ಕೇಳ್ಸಿ ಆಯ್ತು, ತಾಯತ ಕಟ್ಟಿ ಆಯ್ತು,” ಎಂದಳು. “ನಂಗೆ ಒಂದು ಮಾತು ಸಮಾ ಹೇಳಿ. ಹುಚ್ಚಾ?”

ಹೆಡ್‌ಮಾಸ್ತರರು ಮೇಜಿನ ಮೇಲಿದ್ದ ಪೆನ್ನನ್ನು ಆಚೆ ಈಚೆ ಸರಿಸಿದರು. ನಾನು ಪಿ.ಟಿ. ಟೀಚರ ಕಡೆ ನೋಡಿದೆ. ಅವರ ಬೆರಳುಗಳು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದವು.

“ಹುಚ್ಚಲ್ಲ,” ಎಂದರು. “ಅವಳ ತಲೆ ಬೇರೆ ನಮೂನೆ ಕಟ್ಟಿದ್ದು. ಅದಕ್ಕೊಂದು ಹೆಸರದೆ, ಆಟಿಸಂ ಅಂತ. ಅದೇ ಹೌದಾ ಅಂತ ಡಾಕ್ಟರ್ ಹೇಳ್ಬೇಕು, ನಾನಲ್ಲ. ನಾನು ಒಂದ್ಸಲ ತಪ್ಪು ಮಾಡಿ ಆಯ್ತು. ಮುಚ್ಚಿದ ಕೋಣೆ ಕೊಟ್ಟೆ, ಅದು ನಂಗೆ ಬೇಕಾಗಿದ್ದ ಕೋಣೆ. ಅವಳಿಗೆ ಬೇಕಾದ್ದು ಅಲ್ಲ.”

“ನಿಮ್ಗೆ ಯಾಕೆ ಬೇಕಿತ್ತು ಅಕ್ಕೋರೆ?”

ಇದು ತೀರಾ ಸರಳವಾದ ಪ್ರಶ್ನೆ. ತಪ್ಪಿಸಿಕೊಳ್ಳಲು ಸಾಕಷ್ಟು ದಾರಿ ಇತ್ತು. ಬಾಯಿಪಾಠದ ನಗುವೊಂದನ್ನು ನಕ್ಕಿದ್ದರೂ ಮುಗಿಯುತ್ತಿತ್ತು. ಅವರು ನಗಲಿಲ್ಲ.

“ನಂಗೂ ಅದೇ ಅದೆ,” ಎಂದರು.

ಹೆಡ್‌ಮಾಸ್ತರರು ಕನ್ನಡಕ ತೆಗೆದರು. ಆ ಕೋಣೆಯಲ್ಲಿ ಅವರ ಹೆದರಿಕೆ ಏನೆಂದು ಗೊತ್ತಿದ್ದವಳು ನಾನೊಬ್ಬಳೇ. ಬಾಗಿಲಲ್ಲಿದ್ದವಳು ಅವರನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದಳು. ಮೀನಿನ ನೀರಿನ ಮಾತು ಮರೆತು, ಅವರ ಪಕ್ಕದ ಕುರ್ಚಿಯಲ್ಲೇ ಕೂತಳು.

“ನಿಮ್ಮನ್ನ ಶಾಲೆಗೆ ಕಳ್ಸಿದ್ರಾ?”

“ಕಳ್ಸಿದ್ರು.”

“ಯಾರು?”

“ನನ್ನ ಅವ್ವ.”

“ನಿಮ್ಗೆ ಇಂಥದ್ದು ಅದೆ ಅಂತ ಅವಳಿಗೆ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಹೇಳೂಕೆ ಯಾರಿಗೂ ಗೊತ್ತಿರ್ಲಿಲ್ಲ. ಹೊಡೀತಿದ್ಲು. ಹೊಡ್ದು ಹೊಡ್ದು ಕಳಿಸ್ತಿದ್ಲು.”

ತಾಯಿ ತನ್ನ ಕೈ ನೋಡಿಕೊಂಡಳು. “ನಾನೂ ಹೊಡ್ದೆ,” ಎಂದಳು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿದಳು. “ನಾ ಕಳಿಸ್ತೆ ಒಡೆಯಾ. ಇನ್ ಹೊಡಿಯೂದಿಲ್ಲ, ಕಳಿಸ್ತೆ. ಈ ಅಕ್ಕೋರು ಇದ್ದ ಶಾಲೆಲಿ ನನ್ನ ಮಗಳು ಇರ್ಲಿಕ್ಕೆ ಆಗೂದಿಲ್ಲ ಅಂದ್ರೆ ಮತ್ತೆಲ್ಲಿ ಇರ್ತದೆ?”

ಹೆಡ್‌ಮಾಸ್ತರರು ಬೇಡ ಎನ್ನಲಿಲ್ಲ. ಮರುದಿನದಿಂದ ಹುಡುಗಿ ಪ್ರಾರ್ಥನೆಗೆ ಮುಂಚೆ ಮೈದಾನದ ಕಲ್ಲಿನ ರೋಲರ್ ಎಳೆದಳು. ಮಧ್ಯಾಹ್ನ ನೀರಿನ ಕೊಡ ಹೊತ್ತು ತಂದಳು. ಅವತ್ತು ವೇಳಾಪಟ್ಟಿಯಲ್ಲಿ ಏನಾದರೂ ಬದಲಾಗುವುದಿದ್ದರೆ ಬೆಳಿಗ್ಗೆಯೇ ಅವಳಿಗೆ ಹೇಳಬೇಕು ಎಂದಾಯಿತು. ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಕೆಟ್ಟ ದಿನಗಳು ಆಮೇಲೂ ಬಂದವು, ಡಾಕ್ಟರರ ಹತ್ತಿರ ಓಡಾಟವೂ ಆಯಿತು. ಆದರೆ ಅವಳು ಮನೆಯಲ್ಲಿ ಕೂರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಅಂಕೋಲೆಯಲ್ಲೇ ಕಾಲೇಜಿಗೆ ಹೋಗುತ್ತಾಳೆ.

ಪಿ.ಟಿ. ಟೀಚರ್ ಎಂದರೆ ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಆ ಸೋಮವಾರದ ಸಂಜೆ. ಬಸ್ಸಿನಲ್ಲಿ ಕೂತವರೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದ್ದರು. ಹಟ್ಟಿಕೇರಿ ಹೋಯಿತು, ಅವರ್ಸೆ ಹೋಯಿತು. ಹೀಗೆ ಒಳಗಿನಿಂದ ಪೂರಾ ಮುಚ್ಚಿಕೊಳ್ಳುವುದಕ್ಕೂ ಒಂದು ಹೆಸರು ಕಲಿತಿದ್ದೆವು, ಆದರೆ ನನಗೆ ಆಗ ಯಾವ ಹೆಸರೂ ಬೇಕಾಗಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ಶಾಲೆಯಲ್ಲಿ ನಾಳೆ ಯಾರು ಏನೆನ್ನುತ್ತಾರೋ ಎಂದು ನನಗೇ ಹೆದರಿಕೆ, ಅವರಿಗೆ ಹೇಗಾಗಿರಬೇಕು ಎಂದುಕೊಂಡೆ.

ಕಾರವಾರದಲ್ಲಿ ಇಳಿದೆವು. ಅವರು ಚಿತ್ತಾಕುಲದ ಬಸ್ಸಿನ ಕಡೆ ಹೆಜ್ಜೆ ಹಾಕಿ, ತಿರುಗಿ ಬಂದರು.

“ನೋಡ್ದ್ಯಾ ನೀನು?” ಎಂದರು.

“ಏನನ್ನ?”

“ನಾನು ಹೇಳ್ದಾಗ. ಜನ ಹಿಂದೆ ಸರೀತಾರೆ ಅಂತ್ಲೇ ನಾ ಇಷ್ಟು ವರ್ಷ ಯಾರಿಗೂ ಹೇಳದೇ ಇದ್ದಿದ್ದು.” ಕೈಯಲ್ಲಿದ್ದ ಟಿಕೆಟಿನ ಸುರುಳಿ ಬಿಚ್ಚಿದರು. “ಅವಳು ಒಳಗೆ ಬಂದು ಕೂತ್ಕಂಡ್ಲು ಗೋ.”